ಗೂಡಿನ ಗುಂಡಿಯ ಸೋಫಾ

೧. ಬೆತ್ತ

ಶಿಡ್ಲಘಟ್ಟದ ಯಜಮಾನರು ನನ್ನ ಅಂಗಡಿಯ ಬೆತ್ತದ ಕುರ್ಚಿಯಲ್ಲಿ ಸಿಕ್ಕಿಕೊಂಡರು.

ಚಿಕ್ಕಬಳ್ಳಾಪುರದಲ್ಲಿ ಆಗ ನನ್ನದು ಮರಗೆಲಸದ ಅಂಗಡಿ. ಪಕ್ಕದಲ್ಲೇ ಗಾದಿ ಹೊಲಿಯುವ ಸಾಬರು. ಮರ ನನ್ನದು, ಮೆತ್ತೆ ಅವರದು. ಮಾತೂ ಅವರದೇ.

ಯಜಮಾನರು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವರು. ಭಾರೀ ಆಳು. ಬೆಂಗಳೂರಿನಲ್ಲಿ ಯಾರದೋ ಹೊಸ ಮನೆ ನೋಡಿಕೊಂಡು, ಊರಿಗೆ ಹೋಗುವ ಬಸ್ಸಿನಿಂದ ನಡುವೆ ಇಳಿದು ಬಂದಿದ್ದರು. ನಿಂತಲ್ಲಿ ನಿಲ್ಲುತ್ತಿರಲಿಲ್ಲ.

“ಆಚಾರ್ರೆ, ಅಲ್ಲಿ ಒಂದು ಕುರ್ಚಿ ಇದ್ದಂಗೆ ಇನ್ನೊಂದಿಲ್ಲ. ಒಂದು ನುಣ್ಣಗೆ, ಒಂದು ಒರಟು. ಒಂದು ಮಿಂಚುತ್ತೆ, ಒಂದು ಮಂಕು. ಗೋಡೆಗೆ ಚಾಪೆ ತೂಗಾಕವ್ರೆ. ಕಣ್ಣು ಒಂದು ಕಡೆ ನಿಲ್ಲಲ್ಲ. ಎಲ್ಲಾ ಮುಟ್ಟಿ ಮುಟ್ಟಿ ನೋಡ್ದೆ. ನಮ್ಮನೆ ಹಜಾರ ಹಂಗಾಗ್ಬೇಕು.”

“ಈಗ ಏನಿದೆ?” ಎಂದೆ.

“ಬೆಂಚು.”

“ಮತ್ತೆ?”

“ಇನ್ನೊಂದು ಬೆಂಚು.”

ಮಗಳಿಗೆ ಗಂಡು ಗೊತ್ತಾಗುವ ಹಾಗಿತ್ತು. ಹುಡುಗನ ಮನೆ ಚಿಂತಾಮಣಿ. ಅವನು ಗೌರಿಬಿದನೂರಿನಲ್ಲಿ ಮೇಷ್ಟ್ರು. ಅವನ ಕಡೆಯವರು ಮನೆ ನೋಡಲು ಬರುತ್ತಾರೆ. ಬಂದವರು ಬೆಂಚಿನ ಮೇಲೆ ಕೂರಬಾರದು.

ಅಷ್ಟು ಹೇಳಿ ಯಜಮಾನರು ಬೆತ್ತದ ಕುರ್ಚಿಯಲ್ಲಿ ಕೂತರು. ಅದು ರಿಪೇರಿಗೆ ಬಂದದ್ದು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಣಿಗೆ ಹರಿಯಿತು. ಅವರು ಮಡಚಿಕೊಂಡು ಒಳಗೆ ಇಳಿದರು. ಮಂಡಿ ಗಲ್ಲಕ್ಕೆ ಬಂತು. ಎದ್ದು ನಿಂತರೆ ಕುರ್ಚಿಯೂ ಎದ್ದಿತು. ಮತ್ತೆ ಕೂತರು.

“ಬೆತ್ತ ಬೇಡ,” ಎಂದರು ಒಳಗಿನಿಂದಲೇ. “ಬೇರೆ ಏನು ಮಾಡ್ಬೋದು?”

ಸಾಬರು ಎದುರಿಗೆ ಕೂತು ಬೀಡಿ ಹಚ್ಚಿದರು. “ನಿಧಾನವಾಗಿ ಯೋಚ್ನೆ ಮಾಡಿ ಯಜಮಾನ್ರೆ. ಎದ್ದು ಹೋಗೋ ಹಂಗಂತೂ ಇಲ್ವಲ್ಲ.”

೨. ರೆಕ್ಸಿನ್

ಅಳತೆಗೆಂದು ಅವರ ಮನೆಗೆ ಹೋದೆ. ಹಿತ್ತಲಲ್ಲಿ ಮಗಳು ಅಡ್ಡ ನಿಂತಳು. ಸೊಂಟದ ಮೇಲೆ ಸೊಪ್ಪಿನ ಮಂಕರಿ.

“ಆಚಾರ್ರೆ, ಚೆನ್ನಾಗಿ ಮಾಡ್ಕೊಡಿ. ಈ ಸಂಬಂಧ ತಪ್ಪೋದ್ರೆ ನನ್ನ ನಮ್ಮ ಮಾವನಿಗೇ ಕಟ್ತಾರೆ.”

“ಯಾವ ಮಾವ?”

ಜಗಲಿಯ ಕಡೆ ತೋರಿಸಿದಳು. ಅವಳ ತಾಯಿಯ ತಮ್ಮ ಕಂಬಕ್ಕೊರಗಿ ನಿದ್ದೆ ಮಾಡುತ್ತಿದ್ದ. ಬಾಯಿ ತೆರೆದಿತ್ತು. ಇನ್ನೂ ಊಟದ ಹೊತ್ತೂ ಆಗಿರಲಿಲ್ಲ.

“ಮೇಷ್ಟ್ರನ್ನ ನೋಡಿದ್ದೀಯಾ?”

“ಹೂಂ,” ಎಂದಳು. ಮಂಕರಿಯ ಸೊಪ್ಪನ್ನು ಸರಿಮಾಡತೊಡಗಿದಳು. ಅದು ಸರಿಯಾಗಿಯೇ ಇತ್ತು.

ಅಳತೆಯನ್ನು ಇನ್ನೊಮ್ಮೆ ತೆಗೆದುಕೊಂಡೆ.

ರೆಕ್ಸಿನ್ ಆಗ ನಮ್ಮ ಕಡೆ ಹೊಸದು. ಕಪ್ಪು ರೆಕ್ಸಿನ್ನಿನ ದೊಡ್ಡ ಕುರ್ಚಿ ಒಂದು ಮಾಡಿದೆವು. ಹಜಾರದಲ್ಲಿ ಇಳಿಸಿದ ದಿನ ಬೀದಿಯವರೆಲ್ಲ ಬಂದು ಮುಟ್ಟಿ ಹೋದರು. ಒಬ್ಬಾಕೆ ಕೆನ್ನೆ ಇಟ್ಟು ನೋಡಿದಳು. “ಮಡಕೆ ನೀರಿನಂಗೆ ತಣ್ಗೈತೆ ಕಣೇ,” ಎಂದಳು. ಆಮೇಲೆ ಎಲ್ಲರೂ ಕೆನ್ನೆ ಇಟ್ಟರು.

ಮೊದಲು ಹುಡುಗನ ದೊಡ್ಡಪ್ಪ ಬಂದರು. ಗಂಭೀರ ಮನುಷ್ಯ. ಕೈಯಲ್ಲಿ ಛತ್ರಿ. ಕುರ್ಚಿಯ ಒಂದು ಕಾಲು ಅಲುಗುತ್ತಿದ್ದುದರಿಂದ ನಾನೂ ಸಾಬರೂ ಅಲ್ಲೇ ಇದ್ದೆವು. ದೊಡ್ಡಪ್ಪ ಕೂತರು. ಮೆತ್ತೆಯೊಳಗಿನ ಗಾಳಿ ಹೊಲಿಗೆಯ ಸಂದಿನಿಂದ ಹೊರಟಿತು. ಸದ್ದು ಎಂಥದೆಂದು ಬರೆಯಬೇಕಾಗಿಲ್ಲ.

ಹಜಾರದಲ್ಲಿದ್ದವರೆಲ್ಲ ಸೂರು ನೋಡಿದರು.

“ಅದು ಕುರ್ಚಿ,” ಎಂದರು ಯಜಮಾನರು.

“ನಾನೇನಂದೆ?” ಎಂದರು ದೊಡ್ಡಪ್ಪ.

“ಅಲ್ಲ, ಅದು ಕುರ್ಚೀನೇ. ಏಳಿ, ತೋರಿಸ್ತೀನಿ.”

ಯಜಮಾನರು ತಾವೇ ಕೂತರು. ಸದ್ದಿಲ್ಲ. ಎದ್ದು ದೊಪ್ಪನೆ ಕೂತರು. ಸದ್ದಿಲ್ಲ. ನನ್ನನ್ನು ಕೂರಿಸಿದರು. ಸಾಬರನ್ನು ಕೂರಿಸಿದರು. ಜಗಲಿಯಿಂದ ಭಾವಮೈದನನ್ನು ಎಬ್ಬಿಸಿ ತಂದು ಕೂರಿಸಿದರು. ಅವನು ಅಲ್ಲೇ ನಿದ್ದೆ ಹೋದ. ಕುರ್ಚಿ ಮಾತ್ರ ಉಸಿರೆತ್ತಲಿಲ್ಲ.

“ಇರ್ಲಿ ಬಿಡಿ,” ಎಂದು ದೊಡ್ಡಪ್ಪ ಅವನನ್ನು ಸರಿಸಿ ಮತ್ತೆ ಕೂತರು. ಈ ಸಲ ಮೊದಲಿಗಿಂತ ದೀರ್ಘವಾಗಿ ಬಂತು.

ಅವರು ಛತ್ರಿ ತೆಗೆದುಕೊಂಡರು. “ಹುಡುಗಿ ಒಳ್ಳೇವ್ಳು. ಆದ್ರೆ ನಮ್ಮ ಮನೇಲಿ ನಮ್ಮಮ್ಮನ ಮಾತೇ ಮಾತು. ಅವ್ರು ಬಂದು ನೋಡ್ಲಿ. ಅವ್ರಿಗೆ ಕೂತ್ಕೊಳ್ಳೋಕೆ ಬೇರೆ ಏನಾದ್ರೂ ಮಾಡ್ಸಿ.”

ಯಜಮಾನರು ಬಸ್ಸಿನವರೆಗೂ ಜೊತೆಗೆ ಹೋದರು. ಬಸ್ಸು ಹೊರಟ ಮೇಲೂ ಕಿಟಕಿಯ ಪಕ್ಕ ಓಡುತ್ತಾ “ಅದು ಕುರ್ಚಿ” ಎನ್ನುತ್ತಿದ್ದರಂತೆ.

೩. ಗೋಡೆ

ಹುಡುಗನ ಅಜ್ಜಿಗಾಗಿ ಸೋಫಾ ಎಂದು ತೀರ್ಮಾನವಾಯಿತು. ತೇಗದ ಮರ, ಬೆನ್ನಿನ ಮೇಲಂಚಿಗೆ ಹೂವಿನ ಕೆತ್ತನೆ. ಚೌಕಟ್ಟನ್ನು ಹಜಾರದಲ್ಲೇ ನಿಲ್ಲಿಸಿ ಉಜ್ಜುತ್ತಿದ್ದೆ.

“ಗೋಡೆಗೆ ಚಂದ್ರಿಕೆ ಹಾಕಿದ್ರೆ?” ಎಂದಳು ಮಗಳು.

ಚಂದ್ರಿಕೆಯೆಂದರೆ ಬಿದಿರಿನ ಚಾಪೆ. ಅದರ ಮೇಲೆ ಸುಳಿ ಸುಳಿಯಾಗಿ ದಬ್ಬೆ ಹೆಣೆದಿರುತ್ತಾರೆ. ಹಣ್ಣಾದ ರೇಷ್ಮೆ ಹುಳುವನ್ನು ಬಿಟ್ಟರೆ ಆ ಸುಳಿಯೊಳಗೆ ಗೂಡು ಕಟ್ಟುತ್ತದೆ.

“ಹುಳ ಬಿಡೋದನ್ನ ಗೋಡೆಗಾ?” ಎಂದು ಯಜಮಾನರು ನಕ್ಕರು.

ಒಂದನ್ನು ತೊಳೆದು, ಅರಗಿನ ಪಾಲಿಶ್ ಕೊಟ್ಟು ತೂಗುಹಾಕಿದೆ. ಸಂಜೆ ಬಿಸಿಲು ಬಾಗಿಲಿನಿಂದ ಅದರ ಮೇಲೆ ಬಿತ್ತು. ಸುಳಿಗಳ ನೆರಳು ಗೋಡೆ ತುಂಬಿತು. ಯಜಮಾನರು ನೋಡಿದರು. ಹೊರಗೆ ಹೋದರು. ಮತ್ತೆ ಬಂದು ನೋಡಿದರು. ಪಕ್ಕದ ಮನೆಯವರನ್ನು ಕರೆತಂದು, ತಮಗೇ ಹೊಳೆದದ್ದೆಂಬಂತೆ ತೋರಿಸಿದರು.

ಅಷ್ಟರಲ್ಲಿ ಹುಳುಗಳೆಲ್ಲ ಒಟ್ಟಿಗೇ ಹಣ್ಣಾದವು. ಚಂದ್ರಿಕೆ ಸಾಲದೆ ಬಂತು. ಯಜಮಾನರ ಹೆಂಡತಿ ಗೋಡೆಯಿಂದ ಇದನ್ನೂ ಇಳಿಸಿದರು.

“ಅದಕ್ಕೆ ಪಾಲಿಶ್ ಆಗಿದೆಯಮ್ಮ,” ಎಂದೆ.

“ಹುಳಕ್ಕೇನು ಗೊತ್ತಾಗುತ್ತೆ ಆಚಾರ್ರೆ?”

ಹುಳಕ್ಕೆ ಗೊತ್ತಾಯಿತು. ಪಾಲಿಶಿನ ವಾಸನೆ ತಡೆಯದೆ ಅವು ಚಂದ್ರಿಕೆ ಬಿಟ್ಟು ಇಳಿದು ಮನೆಯೆಲ್ಲ ಹೊರಟವು. ಬೆಳಿಗ್ಗೆ ನೋಡಿದರೆ ಯಜಮಾನರ ಜೋಡಿನೊಳಗೆ ಗೂಡು. ದೇವರ ಪಟದ ಹಿಂದೆ ಗೂಡು. ಜಗಲಿಯಲ್ಲಿ ಮಲಗಿದ್ದ ಮಾವನ ಕಿವಿಯ ಹಿಂದೆ ಒಂದು ಹುಳು ಅರ್ಧ ಕಟ್ಟಿ ಮುಗಿಸಿತ್ತು. ಅವನಿಗಿನ್ನೂ ಎಚ್ಚರವಾಗಿರಲಿಲ್ಲ.

ಸಾಬರು ಬಗ್ಗಿ ನೋಡಿದರು. “ಪಾಪ, ಅಲುಗಾಡದ ಜಾಗ ಹುಡ್ಕೊಂಡು ಬಂದೈತೆ,” ಎಂದರು.

೪. ಗುಂಡಿ

ಸೋಫಾದ ಕೆತ್ತನೆಯ ಹೂವಿನೊಳಗೂ ಒಂದೆರಡು ಗೂಡು ಇದ್ದವು. ಹಳದಿ ಗೂಡು, ತೇಗದ ಹೂವು. ಯಜಮಾನರು ಅದರ ಮುಂದೆ ನೆಲದ ಮೇಲೆ ಕೂತುಬಿಟ್ಟರು.

ಸಾಬರು ಕೆಂಪು ಮಖಮಲ್ಲು ತಂದಿದ್ದರು. ಬೆನ್ನಿನ ಮೆತ್ತೆಯನ್ನು ಅಲ್ಲಲ್ಲಿ ಒಳಕ್ಕೆಳೆದು ಹಿತ್ತಾಳೆ ಗುಂಡಿ ಕೂರಿಸಬೇಕಾಗಿತ್ತು.

“ಗುಂಡಿ ಬೇಡ,” ಎಂದರು ಯಜಮಾನರು. “ಗೂಡು ಹಾಕಿ. ಅರಮನೇಲೂ ಇಂಥದ್ದಿರಬಾರ್ದು.”

ಸಾಬರು ದಬ್ಬಳ ತೆಗೆದರು. ಯಜಮಾನರು ಕೈ ಹಿಡಿದರು.

“ಗೂಡಿಗೆ ತೂತು ಮಾಡ್ತೀರಾ? ತೂತಾದ್ರೆ ನೂಲು ಬರಲ್ಲ.”

“ಸೋಫಾದಿಂದ ಯಾರು ನೂಲು ತೆಗೀತಾರೆ ಯಜಮಾನ್ರೆ?”

“ಆದ್ರೂ ಬೇಡ.”

ಶಿಡ್ಲಘಟ್ಟದಲ್ಲಿ ಒಳ್ಳೆಯ ಗೂಡಿಗೆ ತೂತು ಮಾಡುವ ಕೈ ಇಲ್ಲ. ಸಾಬರು ಒಂದೊಂದು ಗೂಡಿನ ನಡುವಿಗೂ ದಾರ ಸುತ್ತಿ ಕಟ್ಟಿದರು. ಆಗತಾನೆ ಚಂದ್ರಿಕೆಯಿಂದ ಬಿಡಿಸಿದ ಗೂಡುಗಳಲ್ಲಿ ಗಟ್ಟಿಯಾದವನ್ನೇ ಯಜಮಾನರ ಹೆಂಡತಿ ಆರಿಸಿ ಕೊಟ್ಟರು. ಉಳಿದವು ಅಂದೇ ಮಾರಾಟಕ್ಕೆ ಹೋದವು.

ಮುಗಿದಾಗ ಎಲ್ಲರೂ ಸುತ್ತ ನಿಂತೆವು. ಮಖಮಲ್ಲು ಮೆತ್ತಗೆ, ಗೂಡು ಒರಟು, ಮರ ನುಣುಪು. ಹಿಂದೆ ಗೋಡೆಗೆ ಚಂದ್ರಿಕೆ ಮತ್ತೆ ಏರಿತ್ತು. ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಯಜಮಾನರು ಯಾರನ್ನೂ ಮುಟ್ಟಗೊಡಲಿಲ್ಲ. ತಾವು ಮಾತ್ರ ಮುಟ್ಟುತ್ತಿದ್ದರು.

ಆಗ ಚಿಂತಾಮಣಿಯಿಂದ ಸುದ್ದಿ ಬಂತು. ಅಜ್ಜಿಗೆ ಮಂಡಿನೋವು. ಮುಂದಿನ ವಾರ ಬರುತ್ತಾರೆ.

“ಒಳ್ಳೇದೇ ಆಯ್ತು,” ಎಂದರು ಯಜಮಾನರು. “ಪಾಲಿಶ್ ಒಣಗ್ಲಿ.”

ಬರುವ ದಿನ ಅಜ್ಜಿ ಬೆಳಗಿನ ಮೊದಲ ಬಸ್ಸಿಗೇ ಬಂದರು. ಏನಾದರೂ ಮುರಿದರೆ ಇರಲಿ ಎಂದು ಯಜಮಾನರು ನಮ್ಮಿಬ್ಬರನ್ನೂ ಹಿಂದಿನ ದಿನವೇ ಕರೆಸಿಕೊಂಡಿದ್ದರು. ಅಜ್ಜಿ ಸಣ್ಣಗೆ, ನೆಟ್ಟಗೆ ಇದ್ದರು. ಜೊತೆಗೆ ದೊಡ್ಡಪ್ಪ. ಅವರು ಬೆಂಚು ಕೇಳಿ ಕೂತರು.

ಅಜ್ಜಿ ಕೂರುವ ಮೊದಲು ಎಲ್ಲವನ್ನೂ ಮುಟ್ಟಿದರು. ತೇಗದ ಮೇಲೆ ಬೆರಳಾಡಿಸಿದರು. ಚಂದ್ರಿಕೆಯ ಮುಂದೆ ನಿಂತರು. “ಹುಳ ಸಾಕೋ ಕಾಲದಲ್ಲಿ ನಮ್ಮನೆ ತುಂಬ ಇದೇ ಇತ್ತು. ಒಂದು ದಿನಾನೂ ಹಿಂಗೆ ನೋಡ್ಲಿಲ್ಲ ನಾನು,” ಎಂದರು. ಯಜಮಾನರ ಮುಖ ಅರಳಿತು. ಬಾಗಿಲ ಮರೆಯಲ್ಲಿ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಮಗಳ ಮುಖವೂ ಅರಳಿತು.

ಅಜ್ಜಿ ಸೋಫಾದಲ್ಲಿ ಕೂತು ಬೆನ್ನು ಒರಗಿಸಿದರು.

ಸಾಬರು ನನ್ನ ಮೊಣಕೈ ಚಿವುಟಿದರು. ಅಜ್ಜಿಯ ಹೆಗಲ ಪಕ್ಕದ ಗೂಡಿನ ತುದಿ ಒದ್ದೆಯಾಗಿತ್ತು.

ಹುಳು ಸಾಕುವವರು ಗೂಡು ಬಿಡಿಸಿದ ಕೂಡಲೇ ಮಾರುತ್ತಾರೆ. ಒಳಗಿರುವುದನ್ನು ಬಿಸಿಲಿಗೋ ಆವಿಗೋ ಇಟ್ಟು ಕೊಲ್ಲುವುದು ಕೊಂಡವರ ಕೆಲಸ. ಈ ಮನೆಯಲ್ಲಿ ಗೂಡು ವಾರಗಟ್ಟಲೆ ಉಳಿದದ್ದೇ ಇಲ್ಲ. ಉಳಿದರೆ ಚಿಟ್ಟೆಯಾಗಿ ಹೊರಬರುತ್ತದೆಂದು ಎಲ್ಲರಿಗೂ ಗೊತ್ತು. ಯಾರಿಗೂ ನೆನಪಾಗಿರಲಿಲ್ಲ.

ಮೊದಲ ಚಿಟ್ಟೆ ಆ ಒದ್ದೆ ತುದಿಯಿಂದ ಹೊರಗೆ ಬಂತು. ಬೆಳ್ಳಗೆ, ದಪ್ಪಗೆ. ಅಜ್ಜಿಯ ಹೆಗಲಿನತ್ತ ನಡೆಯಿತು. ಸಾಬರು ಮೆಲ್ಲಗೆ ಸೋಫಾದ ಹಿಂದೆ ಹೋದರು. ಎರಡು ಬೆರಳಲ್ಲಿ ಎತ್ತಿ, ಟೋಪಿ ತೆಗೆದು ಅದರೊಳಗೆ ಹಾಕಿದರು. ಇನ್ನೊಂದು ಬಂತು. ಅದೂ ಟೋಪಿಗೆ. ಆಮೇಲೆ ಪುರಸೊತ್ತಿಲ್ಲದೆ ಬಂದವು.

ಯಜಮಾನರು ನೋಡಿದರು. ದನಿ ಏರಿಸಿ ಮಳೆಯ ಬಗ್ಗೆ, ಬಸ್ಸಿನ ಬಗ್ಗೆ, ಅಜ್ಜಿಯ ಮಂಡಿಯ ಬಗ್ಗೆ ಒಂದೇ ಸಮ ಮಾತಾಡತೊಡಗಿದರು. ಟೋಪಿ ತುಂಬುತ್ತಾ ಬಂತು.

“ಏಮಯ್ಯಾ,” ಎಂದರು ಅಜ್ಜಿ, “ಆ ಸಾಬ್ರು ಯಾಕೆ ನನ್ನ ಹಿಂದ್ಗಡೇನೇ ನಿಂತವ್ರೆ?”

“ಸೆಕೆ ಅಲ್ವಾ ಅಮ್ಮಾ,” ಎಂದರು ಯಜಮಾನರು. “ಗಾಳಿ ಬೀಸೋಕೆ.”

“ಮತ್ತೆ ಬೀಸು ಅನ್ನು.”

ಸಾಬರ ಕೈಯಲ್ಲಿ ಇದ್ದದ್ದು ಟೋಪಿ ಒಂದೇ. ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಬೀಸಿದರು.

ಇದ್ದಬದ್ದ ಚಿಟ್ಟೆಯೆಲ್ಲ ಅಜ್ಜಿಯ ತಲೆಗೆ, ಹೆಗಲಿಗೆ, ಮಡಿಲಿಗೆ ಬಿತ್ತು. ಮಗಳ ಕೈಯಿಂದ ತಟ್ಟೆ ಜಾರಿತು. ಆ ಸದ್ದಿಗೆ ಜಗಲಿಯ ಮಾವನಿಗೂ ಎಚ್ಚರವಾಯಿತು.

ದೊಡ್ಡಪ್ಪ ಬೆಂಚಿನಿಂದ ಎದ್ದರು. “ನಾನು ಬಡ್ಕೊಂಡೆ ಅಮ್ಮಾ. ಈ ಮನೇಲಿ ಬೆಂಚು ಬಿಟ್ಟು ಬೇರೆ ಕಡೆ ಕೂರ್ಬೇಡ ಅಂತ.”

ಅಜ್ಜಿ ಕೈ ಎತ್ತಿದರು. ಅವರ ಕಣ್ಣು ಮಡಿಲಿನ ಮೇಲಿತ್ತು. ಅಲ್ಲಿ ಎರಡು ಚಿಟ್ಟೆ ಬಾಲಕ್ಕೆ ಬಾಲ ಸೇರಿಸಿ ಕೂತಿದ್ದವು. ಬಹಳ ಹೊತ್ತು ನೋಡಿದರು.

“ಕೂತ್ಕೊಳೋ,” ಎಂದರು ಅಜ್ಜಿ ಮಗನಿಗೆ. “ನಾವಿನ್ನೂ ಹುಡುಗಿ ಹೆಸ್ರೂ ಕೇಳಿಲ್ಲ. ಇವು ಆಗ್ಲೇ ಮದುವೆ ಮುಗಿಸ್ಕೊಂಡು ಕೂತವೆ.”

ಆಮೇಲೆ ಬಾಗಿಲ ಕಡೆ ತಿರುಗಿದರು. “ಕಾಫಿ ಹೋದ್ರೆ ಹೋಯ್ತು. ಎಲೆ ಅಡಿಕೆ ತಗೊಂಡ್ಬಾಮ್ಮಾ.”

ತಾಂಬೂಲ ಬದಲಾಯಿತು. ಮದುವೆ ವಿದುರಾಶ್ವತ್ಥದಲ್ಲಿ ನಡೆಯಿತು. ಸೋಫಾ ಹುಡುಗಿಯ ಜೊತೆ ಗೌರಿಬಿದನೂರಿಗೆ ಹೋಯಿತು. ಅದಕ್ಕೆ ಮೊದಲು ಹಿತ್ತಾಳೆ ಗುಂಡಿ ಹಾಕಿದೆವು.