ಸಕ್ಕರೆಯ ಗುಟ್ಟು

ಗುಟ್ಟು ಕಾಪಾಡುವ ಗುಣ ನಮ್ಮ ಮನೆತನದಲ್ಲೇ ಇಲ್ಲ. ನನ್ನ ಸೋದರತ್ತೆ ಯಾವ ಸುದ್ದಿಯನ್ನಾದರೂ ‘ಯಾರಿಗೂ ಹೇಳಬೇಡ’ ಎಂದೇ ಶುರು ಮಾಡುತ್ತಿದ್ದರು. ಸಂಜೆಯೊಳಗೆ ಅದು ಉಡುಪಿಯ ಬಸ್ಸು ಹತ್ತಿರುತ್ತಿತ್ತು. ಅಂಥ ವಂಶದ ನಾನು ಬಹ್ರೈನಿಗೆ ಬಂದು, ಮನಾಮಾದ ಖಾಸಗಿ ಕ್ಲಿನಿಕ್ಕೊಂದರಲ್ಲಿ ರೋಗಿಗಳ ಫೈಲು ನೋಡಿಕೊಳ್ಳುವ ಗುಮಾಸ್ತನಾದೆ. ಹಾಲಿನ ಕಾವಲಿಗೆ ಬೆಕ್ಕನ್ನು ಕೂರಿಸಿದಂತಾಯಿತು. ಸಲ್ಮಾಬಾದಿನ ಗ್ಯಾರೇಜಿನ ಶೆಟ್ಟರು ತಮ್ಮ ರಕ್ತಪರೀಕ್ಷೆಗೆ ಬಂದರೂ ಮೊದಲು ವಿಚಾರಿಸುತ್ತಿದ್ದುದು ಬೇರೆಯವರ ಮೂತ್ರದ ರಿಪೋರ್ಟನ್ನು. ನಾನೂ ಫೈಲು ತೆರೆಯದೆಯೇ ಉತ್ತರ ಕೊಡುತ್ತಿದ್ದೆ.

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಮಾಲೀಕರು ಕಂಪ್ಯೂಟರು ತರಿಸಿದರು. ಅದರ ಬೆನ್ನಿಗೇ ಹಾಲೆಂಡಿನಿಂದ ಒಬ್ಬ ತಜ್ಞ ಬಂದು, ರೋಗಿಯ ವಿಷಯ ರೋಗಿಯ ಸ್ವತ್ತು, ಯುರೋಪಿನಲ್ಲಿ ಗಂಡನ ಫೈಲನ್ನು ಹೆಂಡತಿಗೂ ತೋರಿಸುವುದಿಲ್ಲ ಎಂದು ಮೂರು ದಿನ ಉಪದೇಶ ಮಾಡಿದ. ಕೂಲಿಯವರ ರಿಪೋರ್ಟು ಅವರಿಗಿಂತ ಮೊದಲು ಅವರ ಕಂಪನಿಗೆ ಫ್ಯಾಕ್ಸ್ ಆಗುತ್ತದಲ್ಲ ಎಂದು ನರ್ಸ್ ಒಬ್ಬಳು ಕೇಳಿದಾಗ ಮಾಲೀಕರ ಮುಖ ನೋಡಿ ನೀರು ಕುಡಿದ. ಬೀಳ್ಕೊಡುಗೆಯ ಊಟದಲ್ಲಿ ತನ್ನೂರಿನ ಮೇಯರ್‌ನ ಮೂಲವ್ಯಾಧಿಯ ಕತೆಯನ್ನು ಹೆಸರು ಸಮೇತ ಹೇಳಿ ನಮ್ಮನ್ನು ನಗಿಸಿದ. ನಾವು ಪಾಸ್‌ವರ್ಡ್ ಮರೆಯದಿರಲೆಂದು ಅದನ್ನು ಬರೆದು ಪರದೆಗೇ ಅಂಟಿಸಿದೆವು.

ಆದರೂ ಆ ಗಂಡ-ಹೆಂಡತಿಯ ನಿಯಮ ನನಗೆ ಬಹಳ ಹಿಡಿಸಿತು. ಹಿಂದಿನ ವಾರವಷ್ಟೇ ನನಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿತ್ತು. ಹೆಂಡತಿ ಜಲಜಳಿಗೆ ತಿಳಿದರೆ ಸೂಕ್ ಪೇಟೆಯ ಹಲ್ವಕ್ಕೆ ಎಳ್ಳುನೀರು ಬಿಟ್ಟಂತೆಯೇ. ಹಾಗಾಗಿ ಆ ತಜ್ಞ ಬರೆಸಿದ ಗೌಪ್ಯತೆಯ ಪ್ರತಿಜ್ಞೆಗೆ ಎಲ್ಲರಿಗಿಂತ ಮೊದಲು ಸಹಿ ಹಾಕಿದೆ. ಶೆಟ್ಟರಿಗೂ, ಇನ್ನು ಮುಂದೆ ಹಾಗೆಲ್ಲ ಕೇಳಬಾರದು ಎಂದೆ. ಅವರು ನನಗೆ ಬಡ್ತಿ ಸಿಕ್ಕಿತೆಂದು ತಿಳಿದರು.

ಮುಂದಿನ ತಿಂಗಳು ಜಲಜ ನಮ್ಮ ಡಾಕ್ಟರಿಗೇ ತೋರಿಸಿಕೊಂಡು ಹೋದಳು. ಏನೆಂದು ಕೇಳಿದರೆ ಸೊಂಟನೋವು ಎಂದಳು. ಹೆಂಡತಿಯ ಮೇಲಿನ ಕಾಳಜಿ ಎಂದು ನನಗೆ ನಾನೇ ಹೇಳಿಕೊಂಡು ಅವಳ ಫೈಲು ತೆರೆದೆ. ಡಾಕ್ಟರು ಬರೆದಿದ್ದರು: ‘ಒಗೆಯುವಾಗ ಅಂಗಿಯ ಜೇಬಿನಲ್ಲಿ ಸಿಕ್ಕ ಚೀಟಿಯಿಂದ ಗಂಡನ ಸಕ್ಕರೆ ಕಾಯಿಲೆ ತಿಳಿದಿದೆ. ತನಗೆ ತಿಳಿದಿರುವುದನ್ನು ಗಂಡನಿಗೆ ಹೇಳಬಾರದೆಂದು ಕೋರಿಕೆ. ಚಿಂತೆಯಿಂದ ನಿದ್ದೆಯಿಲ್ಲ.’ ಆ ಕೊನೆಯ ಮಾತು ಓದಿ ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೆ ಕ್ಷಮೆ ಕೇಳುವುದು ಹೇಗೆ? ಕೇಳಿದರೆ ಫೈಲು ಕದ್ದು ಓದಿದ್ದನ್ನೂ ಒಪ್ಪಿಕೊಳ್ಳಬೇಕು.

ಆ ಸಂಜೆ ಕಾಫಿ ತಂದ ಜಲಜ, “ನನ್ನ ಫೈಲು ನೀವು ನೋಡ್ಲಿಕ್ಕುಂಟಾ?” ಎಂದು ಕೇಳಿದಳು.

“ಛೆ, ಇಲ್ಲಪ್ಪ. ಯುರೋಪಿನ ನಿಯಮ ಉಂಟು.”

“ಹಾಗಾದ್ರೆ ಇನ್ನೊಂದು ಚಮಚ ಸಕ್ಕರೆ ಹಾಕ್ಲಾ?”

ಬೇಡ ಎಂದರೆ ಕಳ್ಳತನ ಬಯಲು, ಹಾಕು ಎಂದರೆ ರಕ್ತದ ಸಕ್ಕರೆ ಮೇಲೆ. ಹಾಕು ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತ ಖಾಲಿ ಚಮಚವನ್ನು ಲೋಟದಲ್ಲಿ ಗಲಗಲ ತಿರುಗಿಸಿ ಕೊಟ್ಟಳು. ಅದುವರೆಗೆ ಅಷ್ಟು ಕಹಿ ಕಾಫಿ ಕುಡಿದವನಲ್ಲ. ಕೊನೆಯ ಗುಟುಕಿನವರೆಗೂ ಚಪ್ಪರಿಸಿ, ಸಿಹಿ ಸರಿಯಾಗಿ ಉಂಟು ಎಂದೆ.