ಮುಖವಿಲ್ಲದ ಬ್ಲೇಡು

ಪನಾಯ್ ದ್ವೀಪದ ಹಿನಬಾಯ್ ಪುರಸಭೆಯ ತುರ್ತು ಪರಿಹಾರ ನಿಯಮಾವಳಿಯ ಏಳನೆಯ ಕಲಮಿನ ಪ್ರಕಾರ, ಸನ್ಮಾನ್ಯ ಮೇಯರ್ ಅವರ ಮುಖವಿಲ್ಲದ ಯಾವ ವಸ್ತುವೂ ಸಂತ್ರಸ್ತರ ಕೈ ಸೇರತಕ್ಕದ್ದಲ್ಲ. ಅಕ್ಕಿ ಚೀಲಕ್ಕೆ ಮುಖ ಅಂಟಿತ್ತು, ಮೀನಿನ ಡಬ್ಬಿಗೆ ಅಂಟಿತ್ತು, ನೀರಿನ ಡ್ರಮ್ಮಿಗೆ ಎರಡೂ ಕಡೆ ಅಂಟಿತ್ತು. ಚಂಡಮಾರುತ ಬಂದುಹೋಗಿ ಐದು ದಿನವಾದರೂ ಮುಖ ಕಾಣದೆ ಉಳಿದಿದ್ದವು ಹೆರಿಗೆಯ ಪೊಟ್ಟಣಗಳು.

ಪೊಟ್ಟಣದಲ್ಲಿದ್ದದ್ದು ಇಷ್ಟೆ: ಹೊಸ ಬ್ಲೇಡು, ಹೊಕ್ಕುಳಬಳ್ಳಿ ಕಟ್ಟಲು ದಾರ, ಸೋಪು, ನೆಲಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ. ಎಲ್ಲವೂ ಸೋಂಕು ಕಳೆದು ಮೊಹರು ಮಾಡಿದ್ದು. ಯಾರೋ ಪುಣ್ಯಾತ್ಮರು ಕಳಿಸಿದ ನಲವತ್ತು ಪೊಟ್ಟಣಗಳು ಬ್ಯಾಸ್ಕೆಟ್‌ಬಾಲ್ ಅಂಗಳದ ಪಕ್ಕದ ಉಗ್ರಾಣದಲ್ಲಿ ಬೀಗದೊಳಗಿದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಅದೇ ಅಂಗಳದ ತಗಡಿನ ಚಾವಣಿಯ ಕೆಳಗೆ ನೂರಾರು ಸಂಸಾರಗಳ ನಡುವೆ ಅನಲೀಸ ಮಲಗಿದ್ದಳು. ದಿನ ತುಂಬಿತ್ತು. ಎಂಟು ವರ್ಷದ ಹಿಂದಿನ ಚಂಡಮಾರುತದಲ್ಲಿ ಅವಳ ಚೊಚ್ಚಲ ಮಗುವಿನ ಹೊಕ್ಕುಳಬಳ್ಳಿಯನ್ನು ಮೀನು ಕೊಯ್ಯುವ ಚಾಕುವಿನಿಂದ ಕತ್ತರಿಸಿದ್ದರು. ಏಳನೆಯ ದಿನ ಮಗುವಿನ ದವಡೆ ಬಿಗಿದುಕೊಂಡಿತು, ಹಾಲು ಕುಡಿಯಲಿಲ್ಲ. ಸತ್ತ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಟ್ಟವಳು ಸೂಲಗಿತ್ತಿ ದೊರಾಯ್. ಊರಿಗೆಲ್ಲ ಅವಳು ಮನಾಂಗ್, ಎಲ್ಲರ ಅಕ್ಕ. ಅನಲೀಸಳ ಆಮೇಲಿನ ಮೂರು ಮಕ್ಕಳನ್ನು ಆಸ್ಪತ್ರೆಯಲ್ಲೇ ಹೆರಿಸಿದ್ದಳು. ಈ ಸಲ ಆಸ್ಪತ್ರೆಯ ಚಾವಣಿ ಹಾರಿಹೋಗಿ ಪಕ್ಕದ ತೆಂಗಿನ ತೋಟದಲ್ಲಿ ಬಿದ್ದಿತ್ತು.

ದೊರಾಯ್ ಪರಿಹಾರಾಧಿಕಾರಿ ದೆಮೆತ್ರಿಯೊ ಅವರ ಮೇಜಿನ ಮುಂದೆ ನಿಂತಳು.

"ಸಾರ್, ಒಂದೇ ಒಂದು ಪೊಟ್ಟಣ ಕೊಡಿ. ಅನಲೀಸಂಗೆ ನೋವು ಶುರುವಾಗಿದೆ."

"ಕೊಡೋಕೆ ನಂಗೇನು ಕಷ್ಟ ಮನಾಂಗ್? ಮುಖದ ಸ್ಟಿಕ್ಕರು ಇಲೋಯ್ಲೋ ನಗರದಿಂದ ಬರ್ಬೇಕು. ರಸ್ತೆ ಕೊಚ್ಚಿಹೋಗಿದೆ."

"ಪೊಟ್ಟಣ ಹೇಗ್ ಬಂತೋ ಹಾಗೇ ತರಿಸಿ."

"ಅದು ದೋಣೀಲಿ ಬಂತು. ದೋಣೀಲಿ ತಂದ್ರೆ ಮೇಯರ್ ಸಾಹೇಬ್ರ ಮುಖ ನೆನೆಯತ್ತೆ. ಬಂದ್ಮೇಲೂ ಕೆಲಸ ಇದೆ. ಒಂದೊಂದೇ ಬಿಚ್ಚಿ ಬ್ಲೇಡಿಗೊಂದು, ಸೋಪಿಗೊಂದು, ದಾರಕ್ಕೊಂದು ಅಂಟಿಸ್ಬೇಕು."

"ಬಿಚ್ಚಿದ್ರೆ ಶುದ್ಧ ಉಳಿಯಲ್ಲ ಸಾರ್."

"ಮೇಯರ್ ಮುಖದಲ್ಲಿ ಅಶುದ್ಧ ಏನಿದೆ ಮನಾಂಗ್?" ದೆಮೆತ್ರಿಯೊ ನಿಜವಾಗಿಯೂ ತಿಳಿಯಬಯಸಿ ಕೇಳಿದರು.

ಬಾಯಿಗೆ ಬಂದದ್ದನ್ನು ದೊರಾಯ್ ನುಂಗಿಕೊಂಡಳು. ಪುರಸಭೆಯಲ್ಲಿ ಅವಳದು ಆರಾರು ತಿಂಗಳ ಗುತ್ತಿಗೆ ಕೆಲಸ, ಸಹಿ ಮೇಯರ್ ಅವರದೇ. ಅಷ್ಟರಲ್ಲಿ ಮೂಲೆಯಲ್ಲಿ ಇನ್ನೂ ಹೊದಿಕೆ ಬಿಚ್ಚದ ಬ್ಯಾನರುಗಳ ರಾಶಿ ಕಣ್ಣಿಗೆ ಬಿತ್ತು. ಹನ್ನೆರಡು ಅಡಿ ಉದ್ದದ ನುಣುಪು ಪ್ಲಾಸ್ಟಿಕ್, ಮೇಲೆ ಮೇಯರ್ ಮುಖ, ಕೆಳಗೆ 'ಹೆದರಬೇಡಿ, ನಾನಿದ್ದೇನೆ.'

"ಇದಕ್ಕೆ ಮುಖ ಇದೆಯಲ್ಲಾ ಸಾರ್?"

"ಇದೆ."

"ಹಾಗಾದ್ರೆ ಕೊಡಬಹುದು."

ದೆಮೆತ್ರಿಯೊ ನಿಯಮಾವಳಿಯನ್ನು ಮೂರು ಸಲ ತಿರುವಿದರು. ಅಡ್ಡಿಯೇನೂ ಕಾಣಲಿಲ್ಲ. ಸಹಿ ಮಾಡಿಸಿಕೊಂಡು ಒಂದು ಬ್ಯಾನರು ಕೊಟ್ಟರು.

ಬ್ಲೇಡು ಕೊಟ್ಟವನು ಅಂಗಳದಲ್ಲೇ ತಂಗಿದ್ದ ಕ್ಷೌರದ ಎಂಬೊಯ್. ಕಾಗದ ಬಿಚ್ಚದ ಹೊಸ ಬ್ಲೇಡು. ಮುಖವಿಲ್ಲದ್ದು, ಹಾಗಾಗಿ ಅಕ್ರಮ. ದೊರಾಯ್ ಅದನ್ನೂ ಒಂದು ತುಂಡು ದಾರವನ್ನೂ ಚೆನ್ನಾಗಿ ಕುದಿಸಿದಳು. ಮಧ್ಯಾಹ್ನ ಊಟದ ಸಾಲು ಕರಗುವ ಮೊದಲೇ ಮೇಯರ್ ಅವರ ಬಲಗೆನ್ನೆಯ ಮೇಲೆ ಹೆಣ್ಣುಮಗು ಹುಟ್ಟಿತು.

ಆಮೇಲಿನ ಏಳು ದಿನ ದೊರಾಯ್‌ಗೆ ಅನ್ನ ಸೇರಲಿಲ್ಲ. ಬೆಳಗ್ಗೆ ಸಂಜೆ ಬಂದು ಮಗುವಿನ ಬಾಯಿಗೆ ಬೆರಳಿಟ್ಟು ನೋಡುತ್ತಿದ್ದಳು. ಅನಲೀಸ ದೊರಾಯ್‌ಳ ಮುಖವನ್ನೇ ನೋಡುತ್ತಿದ್ದಳು. ಏಳನೆಯ ದಿನವೂ ಮಗು ಬೆರಳನ್ನು ಎಳೆದು ಚೀಪಿತು. ದೊರಾಯ್ ಅಲ್ಲೇ ಕೂತು ಅತ್ತುಬಿಟ್ಟಳು.

ಎಂಟನೆಯ ದಿನ ಮೇಯರ್ ಛಾಯಾಗ್ರಾಹಕನೊಡನೆ ದಯಮಾಡಿಸಿದರು. ಸಂಗತಿ ತಿಳಿದು, ತೊಳೆದಿಟ್ಟ ಬ್ಯಾನರನ್ನು ಹಾಸಿಸಿ, ಮಗುವನ್ನು ಮತ್ತೆ ಬಲಗೆನ್ನೆಯ ಮೇಲೆ ಮಲಗಿಸಿ ಚಿತ್ರ ತೆಗೆಸಿದರು. ಚಿತ್ರ ಅವರಿಗೆ ಹಿಡಿಸಿತು. ಅಲ್ಲಿಯೇ ಎಂಟನೆಯ ಕಲಮು ಹುಟ್ಟಿತು: 'ತುರ್ತು ಕಾಲದ ಸಕಲ ಹೆರಿಗೆಗಳೂ ಮೇಯರ್ ಅವರ ಬ್ಯಾನರಿನ ಮೇಲೆಯೇ ಆಗತಕ್ಕದ್ದು.' ಅಂದೇ ಬಂದಿಳಿದಿದ್ದ ಸ್ಟಿಕ್ಕರುಗಳಲ್ಲಿ ಮುಖದ ಜೊತೆ ಮಗು ಇಲ್ಲದ ಕಾರಣ ಅವು ರದ್ದಾದವು. ಹೊಸವು ಬರುವವರೆಗೆ ಉಗ್ರಾಣಕ್ಕೆ ಮತ್ತೆ ಬೀಗ ಬಿತ್ತು.

"ಸಾರ್, ಬದುಕಿರೋ ಮಕ್ಕಳೇ ನಾಲ್ಕಾಯ್ತು, ನಂಗೆ ಸಾಕು," ಅನಲೀಸ ದೆಮೆತ್ರಿಯೊ ಅವರಿಗೆ ಹೇಳಿದಳು. "ಉಗ್ರಾಣದೊಳಗೆ ಬಸಿರು ತಡೆಯೋ ಮಾತ್ರೆ ಇದ್ಯಂತಲ್ಲ, ಅದನ್ನಾದ್ರೂ ಕೊಡಿ."

"ಇದೆಯಮ್ಮಾ. ಆದ್ರೆ ಮೇಯರ್ ಸಾಹೇಬ್ರು ಚರ್ಚಿನ ಮೆರವಣಿಗೇಲಿ ಸಂತರ ಪಲ್ಲಕ್ಕಿ ಹೊರೋರು. ಅಂಥ ಮಾತ್ರೆ ಮೇಲೆ ಅವರ ಮುಖ ಹಾಕೋಕಾಗತ್ತಾ? ಮುಖ ಇಲ್ದೆ ನಾನು ಕೊಡೋ ಹಾಗಿಲ್ಲ. ಅದರ ಬದ್ಲು ಮುಂದಿನ ಸಲಕ್ಕೆ ನಿಮ್ಮ ಹೆಸರಲ್ಲಿ ಒಂದು ಬ್ಯಾನರು ಕಾದಿರಿಸ್ತೀನಿ. ಇಲ್ಲಿ ಸಹಿ ಹಾಕಿ."

ಅನಲೀಸ ಸಹಿ ಹಾಕಿದಳು. ಸಾಕ್ಷಿಯ ಜಾಗದಲ್ಲಿ ದೊರಾಯ್ ಹಾಕಿದಳು. ಅವರ ಹಿಂದೆ ದಿನ ತುಂಬಿದ ಇನ್ನೂ ಐದು ಹೆಂಗಸರು ಬ್ಯಾನರಿಗಾಗಿ ಗಲಾಟೆಯಿಲ್ಲದೆ ಸಾಲುಗಟ್ಟಿದ್ದರು.

ದೊರಾಯ್ ನೇರ ಎಂಬೊಯ್‌ನ ಹತ್ತಿರ ಹೋದಳು.

"ಎಷ್ಟು ಬ್ಲೇಡು ಉಳಿದಿವೆಯೋ?"

"ನಾಲ್ಕು ಮನಾಂಗ್."

ದೊರಾಯ್ ತಿರುಗಿ ಸಾಲಿನ ಕಡೆ ನೋಡಿದಳು. ಕೊನೆಯಲ್ಲಿ ನಿಂತಿದ್ದವಳು ರಾಶಿಯಲ್ಲಿ ಮುಖ ಸುಕ್ಕಾಗದ ಬ್ಯಾನರು ಯಾವುದೆಂದು ಕತ್ತು ಚಾಚಿ ಹುಡುಕುತ್ತಿದ್ದಳು.