ಒಂದು ಸಂಜೆಯ ವಕೀಲರು

"ನೀವು ವಕೀಲರಾಗಬೇಕಿತ್ತು ಕಣ್ರೀ!"

ಇದೊಂದು ಹೊಗಳಿಕೆಯ ಮಾತು ನೆಮ್ಮದಿಯಾಗಿದ್ದ ಒಂದು ಸಂಸಾರವನ್ನು ಹೇಗೆ ಬುಡಮೇಲು ಮಾಡುವುದರಲ್ಲಿತ್ತು ಎಂದು ಕೇಳಿದರೆ, ಇನ್ನು ಮೇಲೆ ಯಾರನ್ನಾದರೂ ಹೊಗಳುವ ಮುನ್ನ ನೀವು ನಾಲಿಗೆ ಕಚ್ಚಿಕೊಳ್ಳುತ್ತೀರಿ.

ಹೊಗಳಿಸಿಕೊಂಡವರು ಚಾಳೀಸಪ್ಪನವರು. ಅದು ಹೆತ್ತವರಿಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ನಲವತ್ತು ದಾಟಿದವರ ಮೂಗಿನ ಮೇಲೆಲ್ಲ ಒಂದೊಂದು ಚಾಳೀಸು ಕೂರಿಸುವ ಕನ್ನಡಕದ ಅಂಗಡಿ ಅವರದು. ಗಿರಾಕಿಯ ಮೂಗಿಗೆ ಖಾಲಿ ಚೌಕಟ್ಟೊಂದನ್ನು ಸಿಕ್ಕಿಸಿ, ಪೆಟ್ಟಿಗೆಯಿಂದ ಒಂದು ಗಾಜು ತೆಗೆದು ಅದಕ್ಕೆ ಹಾಕಿ, "ಇದರಲ್ಲಿ ನೋಡಿ" ಎನ್ನುವರು. ಆಮೇಲೆ ಅದನ್ನು ತೆಗೆದು ಬೇರೆ ಗಾಜು ಹಾಕಿ, "ಈಗ ಇದರಲ್ಲಿ ನೋಡಿ. ಯಾವುದು ವಾಸಿ?" ಎನ್ನುವರು. ಗಿರಾಕಿ ಹೊಸದರ ಕಡೆ ವಾಲಿದರೆ ಇವರು ಹಳೆಯದರ ಪರ ನಿಲ್ಲುವರು. ಹಳೆಯದಕ್ಕೆ ಮರಳಿದರೆ ಹೊಸದರ ಪರ. ಎಷ್ಟು ಎಳೆದಾಡಿದರೂ ಗಿರಾಕಿ ಕದಲದೆ ನಿಂತ ಮೇಲೆಯೇ ಅಳತೆ ಖಾಯಂ. ಹೀಗೆ ಸಡಿಲವಾದ ಸ್ಕ್ರೂ ಬಿಗಿ ಮಾಡಿಸಲು ಬಂದ ಮನುಷ್ಯನೊಬ್ಬ ಹೊಸ ಕನ್ನಡಕವನ್ನೇ ಮಾಡಿಸಿಕೊಂಡು, ಮೆಟ್ಟಿಲಿಳಿಯುತ್ತ ಆ ಮಾತು ಆಡಿ ಹೋದ.

ಚಾಳೀಸಪ್ಪನವರು ಅಂದು ಮನೆಗೆ ನಡೆದು ಬರಲಿಲ್ಲ, ತೇಲಿ ಬಂದರು. ಅದೇ ವಾರ ನಾದಿನಿಯ ಮನೆಯಲ್ಲಿ ಊಟಕ್ಕೆ ಕೂತಾಗ, ಯಾರೂ ಕೇಳದಿದ್ದರೂ, ಕೈಯಲ್ಲಿದ್ದ ತುತ್ತನ್ನು ತಡೆಹಿಡಿದು ಘೋಷಿಸಿಯೇಬಿಟ್ಟರು: "ನಾನು ಸಂಜೆ ಕಾಲೇಜಿಗೆ ಸೇರಿ ಕಾನೂನು ಓದ್ತೀನಿ. ನಾನು ಹುಟ್ಟಿರೋದೇ ಅದಕ್ಕೆ."

"ಅಂಗಡಿಗೆ ಜನ ಬರೋದೇ ಸಂಜೆ" ಎಂದಳು ಹೆಂಡತಿ.

"ಅಂಗಡಿ ನನಗೆ ಬಿಡಿ ಅಣ್ಣ!" ಎಂದ ಷಡ್ಡಕ. ಅವನಿಗೆ ಮೊಬೈಲಿನ ಕವರು ಮಾರುವ ಅಂಗಡಿ ಇಡಬೇಕೆಂದು ಬಹಳ ದಿನದ ಆಸೆ. ಊಟಕ್ಕೆ ಕೂತ ಎಲ್ಲರೆದುರು ಚಾಳೀಸಪ್ಪನವರು ಮಹಾದಾನಿಯಂತೆ "ತಗೊಳ್ಳಪ್ಪ, ಬರೋ ತಿಂಗಳಿಂದ ನಿಂದೇ" ಎಂದರು. ಮರುದಿನ ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಷಡ್ಡಕ ಅಳತೆಯ ಟೇಪು ಹಿಡಿದು ಅಂಗಡಿಯ ಮುಂದೆ ನಿಂತಿದ್ದ.

ಯಾವ ಕೆಲಸಕ್ಕೆ ಹೋಗುತ್ತೇವೋ ಅದನ್ನು ಒಮ್ಮೆ ನೋಡಿ ಬರೋಣವೆಂದು ಚಾಳೀಸಪ್ಪನವರು ಒಂದು ದಿನ ಅಂಗಡಿ ಮುಚ್ಚಿ ನ್ಯಾಯಾಲಯಕ್ಕೆ ಹೋದರು. ಮೇಜು ಗುದ್ದುವ, ಸಾಕ್ಷಿಗಳ ಬೆವರಿಳಿಸುವ ವೀರರನ್ನು ಕಾಣುವ ಆಸೆ ಅವರಿಗೆ. ಕಂಡದ್ದು ಬೇರೆ. ಕಪ್ಪು ಕೋಟಿನವರೆಲ್ಲ ಕಾರಿಡಾರಿನಲ್ಲಿ ಗಂಟೆಗಟ್ಟಲೆ ಕಾದು, ಒಳಗೆ ಹೋಗಿ ಅರ್ಧ ವಾಕ್ಯ ಮಾತಾಡಿ, ಮುಂದಿನ ವಾಯಿದೆ ಪಡೆದು ಹೊರಗೆ ಬರುತ್ತಿದ್ದರು. ಬಾಯಿಯ ಕೆಲಸವೆಂದು ಇವರು ತಿಳಿದದ್ದು ಮುಕ್ಕಾಲು ಪಾಲು ಕಿವಿಯ ಕೆಲಸ, ಉಳಿದದ್ದು ಕಾಲಿನ ಕೆಲಸ. ಎರವಲು ತಂದ ಕಾನೂನಿನ ಪುಸ್ತಕವೋ, ತೆರೆದರೆ ಸಾಕು ಜೋಗುಳ ಹಾಡುತ್ತಿತ್ತು. ಇತ್ತ ಅಂಗಡಿಯಲ್ಲಿ ಷಡ್ಡಕನ ಟೇಪು "ಕರ್ರ್" ಎಂದು ಬಿಚ್ಚಿಕೊಂಡಾಗಲೆಲ್ಲ ಚಾಳೀಸಪ್ಪನವರು ಗಾಜಿನ ಪೆಟ್ಟಿಗೆಯನ್ನು ತಮ್ಮತ್ತ ಎಳೆದುಕೊಳ್ಳುತ್ತಿದ್ದರು. ಒಂದು ಸಂಜೆ ಯಾರಿಗೂ ಕಾಣದಂತೆ ಅದನ್ನು ಕಂಕುಳಲ್ಲಿಟ್ಟುಕೊಂಡು ಬಂದು ಮಂಚದ ಕೆಳಗೆ ನೂಕಿದರು. ಅಂಗಡಿ ಹೋದರೂ ಅದೊಂದಾದರೂ ಉಳಿಯಲಿ ಎಂದು.

ಬೇಡ ಎಂದುಬಿಡಬಹುದಿತ್ತಲ್ಲ ಎನ್ನುತ್ತೀರಿ. ಹೇಗೆ ಅನ್ನುವುದು? ತುಂಬಿದ ಪಂಕ್ತಿಯಲ್ಲಿ ಆಡಿದ ಮಾತು. ಅದರಲ್ಲೂ ಹೆಂಡತಿಯ ಮುಂದೆ ಸೋತು ಗೊತ್ತಿಲ್ಲದ ಗಂಡಸು ಅವರು. (ಗೆದ್ದೂ ಗೊತ್ತಿಲ್ಲ, ಆ ಮಾತು ಬೇರೆ.)

ಇಂಥ ಸಂಕಟದಲ್ಲಿರುವಾಗ ಹೆಂಡತಿಯ ಸೋದರಮಾವ ಬಂದಿಳಿದರು. ವಕಾಲತ್ತು ಮಾಡಿ ಮಾಡಿ ತಲೆಗೂದಲನ್ನೆಲ್ಲ ನ್ಯಾಯದೇವತೆಗೆ ಅರ್ಪಿಸಿ ನಿವೃತ್ತರಾದವರು.

"ಮಾವ, ಇವರಿಗೆ ವಕೀಲಿಕೆ ಒಗ್ಗುತ್ತಾ ಇಲ್ಲವಾ ಅಂತ ನೀವೇ ಒಂದು ಪರೀಕ್ಷೆ ಮಾಡಿ ಹೇಳಿಬಿಡಿ" ಎಂದಳು ಹೆಂಡತಿ. "ನೀವು ಆಗಲ್ಲ ಅಂದ್ರೆ ಅಲ್ಲಿಗೆ ಮುಗೀತು. ಆಗುತ್ತೆ ಅಂದ್ರೆ ಓದಲಿ, ನಾನು ಅಡ್ಡ ಬರಲ್ಲ."

ಚಾಳೀಸಪ್ಪನವರಿಗೆ ಹೋದ ಜೀವ ಬಂದಂತಾಯಿತು. ಪರೀಕ್ಷೆಯಲ್ಲಿ ಹೀನಾಯವಾಗಿ ಸೋತುಬಿಟ್ಟರೆ ಆಯಿತಲ್ಲ! ಅಂಗಡಿಗೆ ಅಂಗಡಿಯೂ ಉಳಿಯಿತು, ಮಾನಕ್ಕೆ ಮಾನವೂ ಉಳಿಯಿತು. "ನನಗೇನೋ ಬಹಳ ಇಷ್ಟವಿತ್ತು, ಆದರೆ ಹಿರಿಯರು ಬೇಡ ಅಂದ್ರು" ಎಂದು ಬೀದಿಗೆಲ್ಲ ಹೇಳಬಹುದು. ಷಡ್ಡಕನೂ ನಾಲ್ಕೈದು ದಿನದಿಂದ ಟೇಪು ಹಿಡಿದು ಬಂದಿರಲಿಲ್ಲ. ಬೋರ್ಡು ಬರೆಸಲು ಹೋಗಿರಬೇಕು, ಅಷ್ಟರೊಳಗೆ ಸೋಲಬೇಕು ಎಂದು ಲೆಕ್ಕ ಹಾಕಿದರು.

ಸಂಜೆ ನಡುಮನೆಯೇ ನ್ಯಾಯಾಲಯವಾಯಿತು. ಮಾವ ಒರಗು ಕುರ್ಚಿಯಲ್ಲಿ ವಿರಾಜಮಾನರಾದರು. ಚಾಳೀಸಪ್ಪನವರಿಗೆ ಮಾವನ ಹಳೆಯ ಕಪ್ಪು ಕೋಟು ತೊಡಿಸಲಾಯಿತು. ಅದರೊಳಗೆ ಅವರೂ ಇನ್ನೊಬ್ಬ ಕಿರಿಯ ವಕೀಲರೂ ಆರಾಮಾಗಿ ಇರಬಹುದಿತ್ತು.

"ಕೇಸು ಯಾವುದು?" ಮಾವ ಕೇಳಿದರು.

"ಅಡುಗೆಮನೆ ಹಲಗೆ" ಎಂದಳು ಹೆಂಡತಿ ತಟ್ಟನೆ.

ವಿಷಯವಿಷ್ಟೆ. ಡಬ್ಬಿಗಳನ್ನಿಡಲು ಗೋಡೆಗೊಂದು ಹಲಗೆ ಬೇಕೆಂದು ಆಕೆ ಕೇಳಿದ್ದಳು, ಬಡಗಿಯನ್ನು ಕರೆಸಿ ಎಂದಿದ್ದಳು. ಚಾಳೀಸಪ್ಪನವರು ತಾವೇ ಸುತ್ತಿಗೆ ಹಿಡಿದು ಹೊಡೆದರು. ಹಲಗೆ ಮೂರು ದಿನ ನಿಂತು, ನಾಲ್ಕನೆಯ ದಿನ ಉಪ್ಪು, ಸಕ್ಕರೆ, ಚಹಾಪುಡಿ ಸಮೇತ ನೆಲಕ್ಕೆ ಬಂತು. ಡಬ್ಬಿ ಜಾಸ್ತಿ ಇಟ್ಟದ್ದೇ ಕಾರಣವೆಂದು ಅವರು, ಹೊಡೆದದ್ದೇ ಸರಿಯಿಲ್ಲವೆಂದು ಆಕೆ. ಅಂದಿನಿಂದ ಡಬ್ಬಿಗಳು ನೆಲದ ಮೇಲೆ ಸಾಲಾಗಿ ಕೂತು ತೀರ್ಪಿಗಾಗಿ ಕಾಯುತ್ತಿದ್ದವು.

"ಸರಿ. ವಕೀಲನಿಗೆ ತನ್ನ ಇಷ್ಟದ ಪಕ್ಷವೇ ಸಿಗಬೇಕು ಅಂತೇನೂ ಇಲ್ಲ" ಎಂದರು ಮಾವ. "ಅಳಿಯಂದ್ರೆ, ನೀವು ನಿಮ್ಮ ಹೆಂಡತಿ ಪರ ವಾದಿಸಿ. ನೀನಮ್ಮ, ಗಂಡನ ಪರ. ಮೊದಲು ನೀನೇ ಶುರು ಮಾಡು."

ಚಾಳೀಸಪ್ಪನವರು ಒಳಗೊಳಗೇ ನಕ್ಕರು. ಇದಕ್ಕಿಂತ ಬೇಕೆ? ತಾವು ಸೋತರೆ ತಮ್ಮ ಹಲಗೆಯೇ ಗೆದ್ದಂತೆ! ತೊದಲಬೇಕು, ತಡವರಿಸಬೇಕು, ಎರಡು ಮಾತಾಡಿ ಕೂತುಬಿಡಬೇಕು ಎಂದು ನಿಶ್ಚಯಿಸಿಕೊಂಡರು.

ಹೆಂಡತಿ ಸೆರಗು ಸರಿಮಾಡಿಕೊಂಡು ಎದ್ದಳು. "ಮಹಾಸ್ವಾಮಿ, ನಮ್ಮ ಕಕ್ಷಿಗಾರರು, ಅಂದ್ರೆ ನಮ್ಮನೆಯವರು, ಸಾಮಾನ್ಯರಲ್ಲ. ಬಡಗೀನ ಕರೀರಿ ಅಂದ್ರೆ, ಬಡಗಿಗೇನು ನಾಲ್ಕು ಕೈ ಇದೆಯಾ ಅಂತ ಕೇಳಿದೋರು. ಇಂಥೋರು ಹೊಡೆದ ಹಲಗೆ ಬಿತ್ತು ಅನ್ನೋದು ಅಪಪ್ರಚಾರ. ಅದು ಬೀಳಲಿಲ್ಲ, ತಾನಾಗೇ ಕೆಳಗಿಳೀತು."

"ಸೊಟ್ಟಗಿತ್ತು ಅಂತ ಆರೋಪ ಇದೆಯಲ್ಲ?" ಎಂದರು ಮಾವ.

"ಹಲಗೆ ನೆಟ್ಟಗೇ ಇತ್ತು ಮಹಾಸ್ವಾಮಿ, ಮನೆ ವಾಲಿದೆ. ಡಬ್ಬಿಗಳೆಲ್ಲ ಜಾರಿಕೊಂಡು ಒಂದೇ ಮೂಲೆಗೆ ಬಂದು ನಿಲ್ತಿದ್ವು. ಹೆಂಡತಿ ಹುಡುಕಾಡಬಾರದು ಅಂತ ನಮ್ಮ ಕಕ್ಷಿಗಾರರು ಮಾಡಿದ ಏರ್ಪಾಡು ಅದು. ಹೆಂಡತಿ ಮೇಲೆ ಅಷ್ಟು ಪ್ರೀತಿ!"

"ಆಬ್ಜೆಕ್ಷನ್!" ಚಾಳೀಸಪ್ಪನವರು ತಮಗರಿವಿಲ್ಲದೆ ಎದ್ದು ನಿಂತಿದ್ದರು. "ಮನೆ ಎಲ್ಲಿ ವಾಲಿದೆ? ಏನೇನೋ ಹೇಳ್ತಾಳೆ!"

"ಹಾಗಾದ್ರೆ ಹಲಗೆ ವಾಲಿತ್ತು ಅಂತೀರಾ?" ಮಾವ ಮುಂದಕ್ಕೆ ಬಾಗಿದರು.

ಕೂತುಬಿಡಬೇಕಾದ ಗಳಿಗೆ ಅದು. ಆದರೆ ದಿನವಿಡೀ ಗಾಜು ಬದಲಿಸಿ ಬದಲಿಸಿ ಪಳಗಿದ ಕೈ ಸುಮ್ಮನಿರಲಿಲ್ಲ. ಅಡುಗೆಮನೆಗೆ ಓಡಿ, ಕಿತ್ತುಬಂದ ಮೊಳೆಯನ್ನೂ, ಮೊಳೆಯ ಡಬ್ಬಿಯಲ್ಲಿದ್ದ ದೊಡ್ಡದೊಂದನ್ನೂ ಹಿಡಿದುಕೊಂಡು ಬಂದರು. ಕೋಟಿನ ತೋಳು ಬೆರಳು ದಾಟಿ ಜೋತಾಡುತ್ತಿತ್ತು.

"ಇದರಲ್ಲಿ ನೋಡಿ ಮಹಾಸ್ವಾಮಿ. ಇದು ಗೋಡೆಗೆ ಹೊಡೆದ ಮೊಳೆ. ಫೋಟೋ ತೂಗುಹಾಕೋ ಮೊಳೆ! ಈಗ ಇದರಲ್ಲಿ ನೋಡಿ. ಹಲಗೆಗೆ ಹೊಡೀಬೇಕಾಗಿದ್ದ ಮೊಳೆ ಇದು. ಮನೇಲೇ ಇತ್ತು, ಪಕ್ಕದಲ್ಲೇ ಇತ್ತು. ಯಾವುದು ವಾಸಿ, ನೀವೇ ಹೇಳಿ. ಡಬ್ಬಿ ಜಾಸ್ತಿ ಆಯ್ತಂತೆ! ಇಷ್ಟೇ ಇಷ್ಟು ಮೊಳೆ ಮೇಲೆ ಒಂದು ಲೋಟ ಇಟ್ಟಿದ್ರೂ ಬೀಳ್ತಿತ್ತು!"

"ದೊಡ್ಡ ಮೊಳೆ ಯಾಕೆ ಹೊಡೀಲಿಲ್ಲ?"

"ಸೋಮಾರಿತನ ಮಹಾಸ್ವಾಮಿ! ಸಣ್ಣದಾದರೆ ಬೇಗ ಇಳಿಯುತ್ತೆ ಅಂತ. ಹೊಡೆಯೋವಾಗಲೇ ಹಲಗೆ ಅಲ್ಲಾಡ್ತಿತ್ತು. ಆ ಮನುಷ್ಯ ಕಣ್ಣಾರೆ ಕಂಡ. ಕಂಡೂ ಸುಮ್ಮನಿದ್ದ. ಹೆಂಡತಿ ಹೇಳಿದ್ದೇ ಸರಿ ಅಂತ ಒಪ್ಪಿಕೊಳ್ಳಬೇಕಾಗುತ್ತಲ್ಲ ಅಂತ!"

"ಅವನ ಮನಸ್ಸಲ್ಲಿದ್ದದ್ದು ನಿಮಗೆ ಹೇಗೆ ಗೊತ್ತು?"

"ನಾನೇ ಅಲ್ವಾ ಮಾವ ಆ ಮನುಷ್ಯ!"

ಮಾವ ಕುರ್ಚಿಯಿಂದೆದ್ದು ಚಾಳೀಸಪ್ಪನವರ ಬೆನ್ನು ತಟ್ಟಿದರು. "ಭೇಷ್! ತನ್ನ ಮೇಲಿನ ಕೇಸನ್ನ ತಾನೇ ನಡೆಸಿ ತಾನೇ ಗೆದ್ದೋರನ್ನ ನಾನು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ. ನೀವು ಪಾಸು ಅಳಿಯಂದ್ರೆ. ನಾಳೇನೇ ಹೋಗಿ ಕಾಲೇಜಿಗೆ ಸೇರಿಕೊಳ್ಳಿ."

ಚಾಳೀಸಪ್ಪನವರ ಕಿವಿಯಲ್ಲಿ "ಕರ್ರ್" ಎಂದು ಟೇಪು ಬಿಚ್ಚಿಕೊಂಡ ಸದ್ದು.

"ಮೇಲ್ಮನವಿ!" ಎಂದು ಕೂಗಿದರು.

"ಗೆದ್ದೋರು ಯಾರಾದ್ರೂ ಮೇಲ್ಮನವಿ ಹಾಕ್ತಾರೇನ್ರೀ?"

"ಕೈತಪ್ಪಿ ಗೆದ್ದೆ ಮಾವ! ನಾನು ಬಂದಿದ್ದೇ ಸೋಲೋದಕ್ಕೆ!" ಕೋಟಿನೊಳಗಿಂದ ಕೈ ಹೊರಗೆ ತೆಗೆದು ಜೋಡಿಸಿದರು. "ನನಗೆ ಈ ಕಾನೂನು ಬೇಡ. ಕಾಯೋಕೆ ಬರಲ್ಲ, ಕಂಡದ್ದನ್ನ ಮುಚ್ಚಿಡೋಕೆ ಬರಲ್ಲ. ಯಾರಾದರೂ ಸೂಜಿಗೆ ದಾರ ಪೋಣಿಸೋಕಾಗದೆ ಅಂಗಡಿಗೆ ಬರ್ತಾರೆ ನೋಡಿ, ಅವರಿಗೆ ಸರಿಯಾದ ಗಾಜು ಹಾಕಿದ ಕೂಡಲೇ ಮುಖ ಅರಳುತ್ತಲ್ಲ, ನನಗೆ ಅಷ್ಟೇ ಸಾಕು. ಅಂಗಡಿ ಕೊಟ್ಟುಬಿಟ್ಟೆನಲ್ಲ ಅಂತ ಹೊಟ್ಟೆ ಉರೀತಿದೆ. ಆಡಿದ ಮಾತು ಹೇಗೆ ನುಂಗಲಿ ಅಂತ ಗೊತ್ತಾಗ್ತಿಲ್ಲ."

ಹೇಳಿ ಮುಗಿಸಿ ಕಣ್ಣು ಒರೆಸಿಕೊಂಡರು. ಹೆಂಡತಿ ಎದ್ದು ಹೋಗಿ ಮಂಚದ ಕೆಳಗಿನಿಂದ ಗಾಜಿನ ಪೆಟ್ಟಿಗೆ ತಂದು ಅವರ ಮುಂದಿಟ್ಟಳು.

"ಅಂಗಡಿ ಎಲ್ಲೂ ಹೋಗಿಲ್ಲ ಕಣ್ರೀ. ಕಸ ಗುಡಿಸುವಾಗ ಇದು ಸಿಕ್ಕಿತು. ನಿದ್ದೇಲಿ ಬೇರೆ 'ಇದರಲ್ಲಿ ನೋಡಿ, ಅದರಲ್ಲಿ ನೋಡಿ' ಅಂತ ಕನವರಿಸ್ತಿದ್ರಿ. ನನ್ನ ತಂಗಿ ಗಂಡನಿಗೆ ಅವತ್ತೇ ಹೇಳಿದೆ, ಬೇರೆ ಜಾಗ ನೋಡ್ಕೊಳಪ್ಪ ಅಂತ. ಅವನೂ ಪಾಪ, ಬಸ್ ನಿಲ್ದಾಣದ ಹತ್ತಿರ ನೋಡ್ಕೊಂಡಿದ್ದಾನೆ."

ಟೇಪು ಬಾರದ ಗುಟ್ಟು ಈಗ ತಿಳಿಯಿತು. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟಂತಾಗಿ ಚಾಳೀಸಪ್ಪನವರು ಕೋಟು ಸಮೇತ ನೆಲದ ಮೇಲೆ ಕೂತರು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಸಿರಾಡಿದರು. ಹೆಂಡತಿಯ ಮೇಲೆ ಅವರಿಗೆ ಹುಟ್ಟಿದ ಪ್ರೀತಿಗೆ ಆ ಕ್ಷಣ ಮೇರೆಯೇ ಇರಲಿಲ್ಲ. ಆಮೇಲೆ ಏನೋ ಹೊಳೆದು ತಲೆಯೆತ್ತಿದರು.

"ಅಲ್ಲಾ, ಎಲ್ಲಾ ಗೊತ್ತಿದ್ದೂ ಮತ್ತೆ ಈ ಪರೀಕ್ಷೆ, ಈ ಕೋಟು, ಇದೆಲ್ಲಾ ಯಾಕೆ ಬೇಕಿತ್ತು?"

"ಹಲಗೆ ವಿಷಯ ಇತ್ಯರ್ಥ ಆಗಬೇಕಿತ್ತಲ್ಲ" ಎಂದಳು ಆಕೆ. "ಮಹಾಸ್ವಾಮಿ, ತೀರ್ಪು?"

"ಬಡಗೀನ ಕರೆಸತಕ್ಕದ್ದು" ಎಂದು ಮಾವ ಅಪ್ಪಣೆ ಕೊಡಿಸಿದರು. "ಅಳಿಯಂದಿರ ಕೈಗೆ ಇನ್ನು ಸುತ್ತಿಗೆ ಕೊಡತಕ್ಕದ್ದಲ್ಲ. ಕಾಲೇಜಿನ ಮಾತು ತಮಾಷೆಗೆ ಹೇಳಿದ್ದು ಕಣ್ರೀ, ಹೆದರಬೇಡಿ. ಕಕ್ಷಿಗಾರನ ಗುಟ್ಟನ್ನ ಹೊಟ್ಟೇಲಿ ಇಟ್ಟುಕೊಳ್ಳೋದೇ ನಮ್ಮ ಕಸುಬು. ನಿಮ್ಮ ಹೊಟ್ಟೇಲಿ ನಿಮ್ಮ ಸ್ವಂತ ಗುಟ್ಟೇ ನಿಲ್ಲಲ್ಲ, ಇವತ್ತು ನೋಡಿದೆನಲ್ಲ." ಎಂದವರು ತಮ್ಮ ಕನ್ನಡಕ ತೆಗೆದು ಮುಂದೆ ಚಾಚಿದರು. "ಅದಿರಲಿ, ಪೆಟ್ಟಿಗೆ ಹೇಗೂ ಇಲ್ಲೇ ಇದೆ. ಪೇಪರು ಓದೋವಾಗ ಅಕ್ಷರ ಎಲ್ಲ ಎರಡೆರಡು ಕಾಣ್ತಿವೆ. ಸ್ವಲ್ಪ ನೋಡಿ ಹೇಳಿ."

ಚಾಳೀಸಪ್ಪನವರು ಕೋಟು ಕಳಚಿ ಪೆಟ್ಟಿಗೆ ತೆರೆದರು.

ಮರುದಿನ ಸಂಜೆ ಅಂಗಡಿ ತುಂಬ ಜನ. ದುಂಡು ಮುಖದವರೊಬ್ಬರು ತಮಗೆ ದುಂಡು ಕನ್ನಡಕವೇ ಬೇಕೆಂದು ಹಟ ಹಿಡಿದಿದ್ದರು. ಚಾಳೀಸಪ್ಪನವರು ಕನ್ನಡಿ ಹಿಡಿದು, ಒಂದನ್ನು ಹಾಕಿ, ಇನ್ನೊಂದನ್ನು ಹಾಕಿ, ವಾದ ಮಾಡಿ, ಪ್ರತಿವಾದವನ್ನೂ ತಾವೇ ಮಾಡಿ, ಕೊನೆಗೆ ಚೌಕದ್ದಕ್ಕೆ ಒಪ್ಪಿಸಿದರು. ಗಿರಾಕಿ ಸೋತು ನಕ್ಕರು.

"ಏನು ಮಾತಾಡ್ತೀರಿ ಸ್ವಾಮಿ! ನೀವು ವಕೀಲರಾಗಬೇಕಿತ್ತು ಕಣ್ರೀ!"

ಚಾಳೀಸಪ್ಪನವರು ಎರಡೂ ಕೈ ಎತ್ತಿ ಮುಗಿದರು.

"ಆಗಿ ಬಂದಿದ್ದೀನಿ ಸ್ವಾಮಿ, ಒಂದು ಸಂಜೆ. ಕೈಲಿದ್ದ ಸುತ್ತಿಗೇನೂ ಹೋಯ್ತು."